ಎರಡು ಬೆರಳೆತ್ತರದ ಹೊಸ್ತಿಲು

ನಾನು ನರ್ಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನರ್ಸಿನಂಥ ಕೆಟ್ಟ ರೋಗಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಊರಿಗೆಲ್ಲ ಬುದ್ಧಿ ಹೇಳುತ್ತೇವೆ, ನಮ್ಮ ಮೈಗೇ ಬಂದಾಗ ಒಂದು ಗುಳಿಗೆ ನುಂಗಿ ಡ್ಯೂಟಿಗೆ ಹೋಗುತ್ತೇವೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ಸುಮ್ಮನೆ ಹೇಳಿಲ್ಲ.

ಕಮಲಾಪುರದಲ್ಲಿ ಒಬ್ಬ ಡಾಕ್ಟರಮ್ಮ ನಡೆಸುವ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ಹಿರಿಯ ಸಿಸ್ಟರು. ಹೆಸರು ಜಗದೇವಿ. ನನ್ನ ದನಿ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತದೆ ಎಂದು ಜನ ನಗುತ್ತಾರೆ. ನಗಲಿ. ಹೆರಿಗೆ ಬ್ಯಾನಿ ತಿನ್ನುತ್ತಿರುವ ಹೆಣ್ಣುಮಗಳಿಗೆ ಪಿಸುಮಾತು ಕೇಳಿಸುವುದಿಲ್ಲ. ಈ ಊರಿನಲ್ಲಿ ಈಗ ಸಾಲೆಗೆ ಹೋಗುವ ಎಷ್ಟೋ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ನನ್ನದು. ಆ ಹೆಮ್ಮೆ ನನಗೆ ಮೊದಲಿನಿಂದಲೂ ಸ್ವಲ್ಪ ಜಾಸ್ತಿಯೇ.

ಆ ವಾರ ಹೊಟ್ಟೆ ಕೆಟ್ಟು ಸರಿಹೋಗಿತ್ತು. ಆಮೇಲೆ ಪಾದಗಳಲ್ಲಿ ಜುಮುಜುಮು ಶುರುವಾಯಿತು. ಇಡೀ ದಿನ ನಿಂತೇ ಇರುವವಳಿಗೆ ಕಾಲು ಹಿಡಿಯುವುದು ಹೊಸದಲ್ಲ ಎಂದುಕೊಂಡೆ. ವಾರ್ಡಿನಲ್ಲಿ ನಡೆದು ಹೋಗುತ್ತಿದ್ದಾಗ ಹಿಂದಿನಿಂದ ಒಬ್ಬ ಬಾಣಂತಿಯ ತಾಯಿ ಕೂಗಿದಳು.

"ಸಿಸ್ಟರ್ರೀ, ನಿಮ್ಮ ಚಪ್ಲಿ ಇಲ್ಲೇ ಬಿಟ್ಟು ಹೊಂಟೀರಲ್ರಿ!"

ತಿರುಗಿ ನೋಡಿದರೆ ನನ್ನ ಬಲಗಾಲಿನ ಚಪ್ಪಲಿ ಅಷ್ಟು ದೂರದಲ್ಲಿ ಬಿದ್ದಿತ್ತು. ಬರಿಗಾಲಲ್ಲಿ ಅಷ್ಟು ನಡೆದುಬಂದಿದ್ದರೂ ಕಲ್ಲಿನ ತಂಪು ನನಗೆ ತಿಳಿದಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಚಪ್ಪಲಿಯೊಳಗೆ ಕಾಲು ಹೋಯಿತೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಮರುದಿನ ಮುಂಜಾನೆ ಬಚ್ಚಲಲ್ಲಿ ಕುಂತವಳಿಗೆ ಏಳಲು ಆಗಲಿಲ್ಲ. ನಮ್ಮವರು ಶಿವಶರಣಪ್ಪ, ಹುಮನಾಬಾದ ರೂಟಿನ ಸರ್ಕಾರಿ ಬಸ್ಸಿನ ಕಂಡಕ್ಟರು, ಬಾಗಿಲು ಒದ್ದು ಒಳಬಂದು ನನ್ನನ್ನು ಎತ್ತಿದರು. ಮದುವೆಯಲ್ಲೂ ಯಾರೂ ನನ್ನನ್ನು ಎತ್ತಿರಲಿಲ್ಲ. ಕಾಲು ಹೋದ ದುಃಖಕ್ಕಿಂತ ಎತ್ತಿಸಿಕೊಂಡ ನಾಚಿಕೆಯೇ ಆ ಹೊತ್ತಿಗೆ ದೊಡ್ಡದಾಗಿತ್ತು.

ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ಅದರ ಹೆಸರು ಇಲ್ಲಿ ಬೇಡ. ಅಲ್ಲಿಯ ಡಾಕ್ಟರುಗಳು ನನ್ನ ಜೀವ ಉಳಿಸಿದ್ದಾರೆ, ನಾನು ಮುಂದೆ ಹೇಳುವ ಮಾತು ಅವರ ಮೇಲಿನ ದೂರಲ್ಲ. ಹೊರಗಿನ ಬೆಂಚುಗಳ ಮೇಲೆ ಅರ್ಧ ಜಿಲ್ಲೆಯೇ ಕುಂತಿತ್ತು. ಒಬ್ಬರ ಎಕ್ಸ್‌ರೇಯನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ಓದುತ್ತಿದ್ದರು. ನಮ್ಮತ್ತೆ ನಾಗಮ್ಮ ರೊಟ್ಟಿಗಂಟು ಬಿಚ್ಚಿ, ಶೇಂಗಾ ಹಿಂಡಿ ಹಚ್ಚಿ, ಗುರುತಿಲ್ಲದವರಿಗೆಲ್ಲ ಕೊಡುತ್ತಾ ನನ್ನ ಕಥೆ ಹೇಳುತ್ತಿದ್ದಳು.

"ನಿನ್ನಿ ತನಾ ಕುದುರಿ ಹಂಗ ಓಡ್ಯಾಡ್ಕೋತ ಇದ್ದಳ್ರೀ. ಯಾವುದೋ ಹೊಸ್ತಿಲ ತುಳದಾಳ ನೋಡ್ರಿ."

"ಅತ್ತೀ, ಇದು ಹೊಸ್ತಿಲ ತುಳದ್ರ ಬರೋ ಬ್ಯಾನಿ ಅಲ್ಲ," ಎಂದೆ ವ್ಹೀಲ್‌ಚೇರಿನಿಂದ.

"ನಿಂಗೇನ ಗೊತ್ತು? ನೀ ಏನ ಡಾಕ್ಟರಾ?" ಎಂದಳು ಅತ್ತೆ. ಪಕ್ಕದಲ್ಲಿದ್ದವರು ರೊಟ್ಟಿ ಅಗಿಯುತ್ತಾ ತಲೆಯಾಡಿಸಿದರು.

ಬೆನ್ನಿನಿಂದ ನೀರು ತೆಗೆದರು, ಕೈಕಾಲಿಗೆ ಕರೆಂಟು ಕೊಟ್ಟು ನೋಡಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಡಾಕ್ಟರೊಬ್ಬರು ಮಂಚದ ಬಳಿ ಕುಂತು ಜಿಬಿಎಸ್ ಎಂದರು. ನರಗಳ ಮೇಲೆ ನಮ್ಮದೇ ಮೈ ತಿರುಗಿಬೀಳುವ ರೋಗ. ಕಾಲಿನಿಂದ ಮೇಲಕ್ಕೆ ಏರುತ್ತದೆ, ಬಹಳ ಜನರಲ್ಲಿ ಹಾಗೆಯೇ ಇಳಿಯುತ್ತದೆ ಎಂದರು. ನಾನು ಕೇಳಿಸಿಕೊಂಡದ್ದು ಏರುತ್ತದೆ ಎನ್ನುವುದನ್ನು ಮಾತ್ರ. ಎಲ್ಲಿಯ ತನಕ ಏರುತ್ತದೆ ಎಂಬುದು ನರ್ಸಿಗೆ ಗೊತ್ತಿರುತ್ತದೆ. ಎದೆಯ ತನಕ ಏರಿದರೆ ಉಸಿರು.

ಉಸಿರು ಎಷ್ಟು ಗಟ್ಟಿಯಿದೆ ಎಂದು ನೋಡಲು ಒಂದೇ ಉಸಿರಿನಲ್ಲಿ ಎಣಿಸಲು ಹೇಳುತ್ತಿದ್ದರು. ಎಣಿಸುವಾಗ ನನಗೆ ಅಳು ಬರುತ್ತಿತ್ತು. ಆಗ ನಮ್ಮವರು ಒಂದು ಉಪಾಯ ಮಾಡಿದರು.

"ಎಣಿಸೋದ ಬಿಡು. ನನ್ನ ರೂಟ ಹೇಳು. ಹೋಗೋದು ಬರೋದು, ಎಲ್ಲಾ ಸ್ಟಾಪ್."

ಕಲಬುರಗಿ, ತಾಜಸುಲ್ತಾನಪುರ, ಮಹಾಗಾಂವ ಕ್ರಾಸ್, ಕಮಲಾಪುರ, ಕಿಣ್ಣಿ ಸಡಕ್, ಹುಮನಾಬಾದ. ಮೊದಲ ದಿನ ಹುಮನಾಬಾದ ಮುಟ್ಟಿ ಅರ್ಧ ದಾರಿ ವಾಪಸ್ಸು ಬಂದೆ. ಮರುದಿನ ಹುಮನಾಬಾದಿಗೇ ಬಸ್ಸು ನಿಂತಿತು. ಅದರ ಮಾರನೆಯ ದಿನ ಮಹಾಗಾಂವ ಕ್ರಾಸ್ ಎನ್ನುವಷ್ಟರಲ್ಲಿ ಉಸಿರು ತೀರಿತು. ನನ್ನ ಊರು ಮುಟ್ಟಲು ಆಗಲಿಲ್ಲ. ನಮ್ಮವರು ನನ್ನ ಹಣೆಯ ಮೇಲೆ ಕೈ ಇಟ್ಟುಕೊಂಡು ನಿಂತರು. ನನ್ನನ್ನು ಐಸಿಯುಗೆ, ಉಸಿರಾಟದ ಯಂತ್ರವಿರುವ ಹಾಸಿಗೆಗೆ ಕಳಿಸಿದರು. ಸಾಯುತ್ತೇನೆ ಎಂದು ಹೆದರಿದೆ. ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಇದೇ ರೋಗದಲ್ಲಿ ಮಲಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ಎಲ್ಲರೂ ಹೆದರುತ್ತಾರೆ, ನರ್ಸುಗಳು ಇನ್ನೂ ಹೆಚ್ಚು ಹೆದರುತ್ತಾರೆ.

ಯಂತ್ರ ಹಚ್ಚುವ ಪ್ರಸಂಗ ಬರಲಿಲ್ಲ. ಇಂಜೆಕ್ಷನ್ನುಗಳು ಕೆಲಸ ಮಾಡಿದವು. ಬಸ್ಸು ಮತ್ತೆ ಕಮಲಾಪುರ ದಾಟಿತು. ಕಿಣ್ಣಿ ಸಡಕ್ ಎಂದ ದಿನ ನಮ್ಮವರು ಐಸಿಯು ಎನ್ನುವುದನ್ನೂ ಮರೆತು "ರೈಟ್, ರೈಟ್!" ಎಂದು ಕೂಗಿ ಬೈಸಿಕೊಂಡರು.

ವಾರ್ಡಿಗೆ ಬಂದ ಮೇಲೆ ನನ್ನ ಪಾಲಿಗೆ ಸಿಕ್ಕವಳು ಫರ್ಜಾನಾ ಸಿಸ್ಟರು. ಕಲಬುರಗಿಯ ರೋಜಾ ಓಣಿಯ ಹುಡುಗಿ, ಕಡ್ಡಿಯಂಥ ಮೈ, ಬಾಯಿ ಮಾತ್ರ ನನ್ನ ಹಾಗೆಯೇ. ನಾನೂ ಸಿಸ್ಟರು ಎಂದು ಗೊತ್ತಾದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಕರೆಗಂಟೆ ನನ್ನ ತಲೆಯ ಹಿಂದಿನ ಗೋಡೆಯ ಮೇಲಿತ್ತು. ನನ್ನ ಕೈಗಳು ಹಾಸಿಗೆಯ ಮೇಲಿದ್ದವು. ಎರಡಕ್ಕೂ ಭೇಟಿಯಾಗುವ ದಾರಿಯೇ ಇರಲಿಲ್ಲ. ಫರ್ಜಾನಾ ಅದನ್ನು ನೋಡಿ, ಹೋಗುತ್ತಾ ಬರುತ್ತಾ ಕರೆಯದೆಯೇ ಒಮ್ಮೆ ಇಣುಕಿ ಹೋಗುತ್ತಿದ್ದಳು. ಆ ಇಣುಕು ನೋಟದಲ್ಲಿಯೇ ನನ್ನ ಅರ್ಧ ಕಾಯಿಲೆ ವಾಸಿಯಾಯಿತು.

ಮಂಚದ ಮೇಲೆಯೇ ಬೆಡ್‌ಪ್ಯಾನ್ ಇಡಿಸಿಕೊಳ್ಳುವುದು ನನಗೆ ಪ್ರಾಣಸಂಕಟ. ಸಾವಿರ ಜನರಿಗೆ ಇಟ್ಟಿದ್ದೇನೆ, ನನಗೆ ಇಡಿಸಿಕೊಳ್ಳಲು ಆಗದು. ಕುಂತರೆ ನೆಟ್ಟಗೆ ಕೂಡುವಷ್ಟು ಶಕ್ತಿ ಬಂದ ಕೂಡಲೇ ವ್ಹೀಲ್‌ಚೇರಿನಲ್ಲಿ ಬಚ್ಚಲುಮನೆಗೆ ಕರೆದೊಯ್ಯಲು ಗಂಟುಬಿದ್ದೆ. ಡಾಕ್ಟರು ಒಪ್ಪಿದರು.

ಬಚ್ಚಲುಮನೆಯ ಬಾಗಿಲಿಗೆ ಒಂದು ಹೊಸ್ತಿಲಿತ್ತು. ಎರಡು ಬೆರಳಿನಷ್ಟು ಎತ್ತರ, ಅಷ್ಟೇ. ಒಳಗಿನ ನೀರು ವಾರ್ಡಿಗೆ ಬರಬಾರದು ಎಂದು ಕಟ್ಟಿದ್ದು. ನೆಲವೆಲ್ಲ ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ ಶಹಾಬಾದಿನ ಫರಸಿ ಕಲ್ಲು. ಆಗಷ್ಟೇ ನೆಲ ಒರೆಸಿ ಹೋಗಿದ್ದರು. ಫರ್ಜಾನಾ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ತಾನು ಹಿಂದಕ್ಕೆ ಹೆಜ್ಜೆ ಇಡುತ್ತಾ ಒಳಗೆ ಜಗ್ಗಿದಳು. ಗಾಲಿ ಹೊಸ್ತಿಲಿಗೆ ತಾಗಿ ನಿಂತಿತು. ಇನ್ನೊಂದು ಸಲ ಜೋರಾಗಿ ಜಗ್ಗಿದಳು. ಗಾಲಿ ಟಣಕ್ಕನೆ ಹಾರಿತು, ಅವಳ ಕಾಲು ಜಾರಿತು, ಕುರ್ಚಿ ಮಗುಚಿತು. ನಾನು ಅವಳ ಮೇಲೆ ಬಿದ್ದೆ. ನನಗೆ ಏನೂ ಆಗಲಿಲ್ಲ. ನನ್ನ ಭಾರವನ್ನೆಲ್ಲ ಹೊತ್ತ ಅವಳ ಮಣಿಕಟ್ಟು ಮುರಿಯಿತು.

ಬಿದ್ದಲ್ಲಿಂದಲೇ ಆ ಹುಡುಗಿ ಕೇಳಿದ್ದು ಏನು ಗೊತ್ತೇ? "ಸಿಸ್ಟರ್, ನಿಮಗೇನು ಆಗಿಲ್ಲಲ್ರೀ? ಖರೆ ಹೇಳ್ರಿ."

ನೆಲದ ಮೇಲೆ ಮಲಗಿಕೊಂಡು ನಾನು ಅಳತೊಡಗಿದೆ. ರೋಗ ಬಂದ ಮೇಲೆ ಅಷ್ಟು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಓಡಿಬಂದವರೆಲ್ಲ ಒಂದೊಂದು ಮಾತು ಹೇಳಿದರು. ನೋಡಿಕೊಂಡು ಹೋಗಬೇಕಿತ್ತು, ಇನ್ನೊಬ್ಬರನ್ನು ಕರೆಯಬೇಕಿತ್ತು, ಲಕ್ಷ್ಯ ಎಲ್ಲಿತ್ತು. ಫರ್ಜಾನಾ ಮುರಿದ ಕೈ ಹಿಡಿದುಕೊಂಡು "ನನ್ನದೇ ತಪ್ಪಾತು" ಎನ್ನುತ್ತಿದ್ದಳು. ಹೊಸ್ತಿಲಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ನಾನು ಇಷ್ಟು ವರ್ಷ ಆಸ್ಪತ್ರೆಯಲ್ಲಿ ದುಡಿದಿದ್ದೇನೆ, ಯಾರು ಬಿದ್ದರೂ ಹೀಗೆಯೇ ಬೈಯುತ್ತೇವೆ. ಬೀಳಿಸಿದ ಕಲ್ಲು ಅಲ್ಲಿಯೇ ಸುಮ್ಮನೆ ಕುಂತಿರುತ್ತದೆ.

ಆ ಸಂಜೆ ಭೇಟಿಗೆ ಬಂದ ಅತ್ತೆಗೆ ನಡೆದದ್ದನ್ನು ಹೇಳಿದೆ. ಹೊಸ್ತಿಲ ಮೇಲೆ ಬಿದ್ದೆ ಎನ್ನುತ್ತಲೇ ಅವಳು ಗಾಬರಿಯಾಗಿ ಬಚ್ಚಲುಮನೆಗೆ ಹೋಗಿ ಆ ಹೊಸ್ತಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬಂದಳು. ಆಮೇಲೆ ನನ್ನ ಕಾಲು ಮುಟ್ಟಿ ನೋಡಿದಳು. ಮೊದಲು ಹೊಸ್ತಿಲು, ಆಮೇಲೆ ಸೊಸೆ. ನನಗೆ ಸಿಟ್ಟು ಬಂದಿತು, ನಗುವೂ ಬಂದಿತು.

ಮನೆಗೆ ಬಂದಾಗ ಕೈ ಪೂರ್ತಿ ಸರಿಯಾಗಿತ್ತು, ತೊಡೆಗೆ ಬಲ ಬಂದಿತ್ತು. ಪಾದ ಮಾತ್ರ ಮೇಲಕ್ಕೆ ಏಳುತ್ತಿರಲಿಲ್ಲ. ಬೆರಳುಗಳು ನೆಲ ಕೆರೆಯುತ್ತಾ ಬರುತ್ತಿದ್ದವು. ಎರಡೂ ಕಾಲಿಗೆ ಮೊಣಕಾಲ ಕೆಳಗೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ಕಿನ ಪಟ್ಟಿ ಕೊಟ್ಟಿದ್ದರು, ಅದನ್ನು ಹಾಕಿಕೊಂಡರೆ ಸಪಾಟು ನೆಲದ ಮೇಲೆ ಹೇಗೋ ನಡೆಯಬಲ್ಲವಳಾದೆ. ನಮ್ಮ ಮನೆಯಲ್ಲಿ ಸಪಾಟು ನೆಲ ಎಲ್ಲಿದೆ? ಪಡಸಾಲೆಗೆ ಹೊಸ್ತಿಲು, ಅಡುಗೆಮನೆಗೆ ಹೊಸ್ತಿಲು, ದೇವರ ಕೋಣೆಗೆ ಇನ್ನೂ ಎತ್ತರದ ಹೊಸ್ತಿಲು. ನನ್ನ ಕಾಲು ಪ್ರತಿಯೊಂದಕ್ಕೂ ಎಡವುತ್ತಿತ್ತು. ಎಡವಿದಾಗಲೆಲ್ಲ ಅತ್ತೆ ಎಲ್ಲಿದ್ದರೂ ಓಡಿಬಂದು ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ, ಅದೇ ಕೈಯಿಂದ ನನ್ನ ಪಾದ ತಿಕ್ಕುತ್ತಿದ್ದಳು. ಸೊಂಟ ಹಿಡಿದ ಮುದುಕಿಗೆ ಬಗ್ಗಿ ಬಗ್ಗಿ ಸಾಕಾಗಿಹೋಯಿತು.

ಆ ಹೊತ್ತಿಗೆ ನಮ್ಮ ಡಾಕ್ಟರಮ್ಮ ಹಳೆಯ ಆಸ್ಪತ್ರೆಯ ಪಕ್ಕದಲ್ಲಿ ಹೊಸ ಕಟ್ಟಡ ಕಟ್ಟಿಸುತ್ತಿದ್ದರು. ಕೆಂಪು ಬಾಳೆಹಣ್ಣು ತೆಗೆದುಕೊಂಡು ನನ್ನನ್ನು ನೋಡಲು ಬಂದರು. ಕುಶಲ ಕೇಳಿದರು, ಚಹಾ ಕುಡಿದರು, ಹೋಗುವ ಮುಂಚೆ ಮೆತ್ತಗೆ ಹೇಳಿದರು.

"ಜಗದೇವಿ, ಹೊಸಾ ಬಿಲ್ಡಿಂಗಿನಾಗ ಬಾಗಿಲ ಕಡೆ ಒಂದು ಕೌಂಟರ್ ಮಾಡ್ಸೀನಿ. ನೀ ಅಲ್ಲಿ ಕುಂತು ಹೆಸರ ಬರ್ಕೋ. ಪಗಾರ ಅಷ್ಟೇ ಇರ್ತದ. ಓಡ್ಯಾಡೋದು ಬ್ಯಾಡ ನಿಂಗ."

ಅವರು ಪ್ರೀತಿಯಿಂದ ಹೇಳಿದ್ದು. ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. ಕೂಸು ಎತ್ತಿಕೊಳ್ಳುವ ಕೈಗೆ ಪೆನ್ನು ಕೊಟ್ಟು ಕೂಡಿಸುತ್ತಾರಂತೆ.

"ಮೇಡಂ, ನಾ ವಾರ್ಡಿಗೇ ಬರ್ತೀನ್ರಿ. ನನ್ನ ಕಾಲಿನ ಮ್ಯಾಲೇ ಬರ್ತೀನಿ."

"ಹೊಸಾ ವಾರ್ಡಿಗೂ ಹೊಸ್ತಿಲ ಅವ, ಜಗದೇವಿ."

"ಇರ್ಲಿ ಬಿಡ್ರಿ. ದಾಟ್ತೀನಿ."

ಅವತ್ತಿನಿಂದ ನನಗೆ ಹೊಸ್ತಿಲು ದಾಟುವುದೊಂದೇ ಕೆಲಸ. ನಮ್ಮವರು ಡ್ಯೂಟಿ ಮುಗಿಸಿ ಬಂದು ಪಡಸಾಲೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ಚೌಕಟ್ಟು ಹಿಡಿದು ಸೊಂಟದಿಂದಲೇ ಕಾಲು ಎತ್ತಬೇಕು. ಕಾಲು ತಾಗಿದರೆ "ಹೋಲ್ಡಾನ್!" ಎನ್ನುವರು, ದಾಟಿದರೆ "ರೈಟ್!" ಎನ್ನುವರು. ಒಮ್ಮೆ ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾಯಿತು. ಅತ್ತೆ ಓಡಿಬಂದಳು. ಹೊಸ್ತಿಲ ಕಡೆ ನೋಡಲೂ ಇಲ್ಲ, ನೇರ ಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ನೆನಪಾಗಿ ಹೊಸ್ತಿಲನ್ನು ಮುಟ್ಟಿದಳು, ಆದರೆ ಈ ಸಲ ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಅಂಗೈಯಿಂದ ಒಂದು ಏಟು ಹಾಕಿದಳು, ಹಟಮಾರಿ ಕೂಸಿಗೆ ಹಾಕಿದ ಹಾಗೆ.

ಕಡೆಗೂ ಕಲಿತೆ. ಎರಡು ಬೆರಳಿನ ಎತ್ತರ ನನ್ನ ಪಾಲಿಗೆ ಗುಡ್ಡವಾಗಿತ್ತು, ಆ ಗುಡ್ಡ ಹತ್ತಿ ಇಳಿದೆ. ಡಾಕ್ಟರಮ್ಮನಿಗೆ ಹೇಳಿ ಕಳಿಸಿ, ಅತ್ತೆಯನ್ನೂ ಕರೆದುಕೊಂಡು ಆಟೋದಲ್ಲಿ ಹೊಸ ಕಟ್ಟಡಕ್ಕೆ ಹೋದೆ. ಒಳಗೆ ಸುಣ್ಣದ ವಾಸನೆ. ಕಾಶೀನಾಥ ಗೌಂಡಿ ಕೆಲಸ ಮುಗಿಸುವ ಹಂತದಲ್ಲಿದ್ದ. ಈ ಸುತ್ತಿನಲ್ಲಿ ಅವನು ಕಟ್ಟಿದ ಗೋಡೆ ಬಿರುಕು ಬಿಟ್ಟಿದ್ದನ್ನು ಯಾರೂ ನೋಡಿಲ್ಲ, ಅದನ್ನು ಅವನೇ ಎಲ್ಲರಿಗೂ ಹೇಳುತ್ತಾನೆ. ವಾರ್ಡಿಗೆ, ಹೆರಿಗೆ ಕೋಣೆಗೆ, ಬಚ್ಚಲುಮನೆಗೆ, ಎಲ್ಲ ಬಾಗಿಲಿಗೂ ಕಲ್ಲಿನ ಹೊಸ್ತಿಲು ಕೂಡಿಸಿದ್ದ. ಅರಿಷಿಣ ಕುಂಕುಮ ಇನ್ನೂ ಹಸಿಯಾಗಿಯೇ ಇತ್ತು.

ನಾನು ಬಚ್ಚಲುಮನೆಯ ಬಾಗಿಲಿಗೆ ಹೋದೆ. ಎರಡೂ ಕೈಯಿಂದ ಚೌಕಟ್ಟು ಹಿಡಿದೆ. ಬಲಗಾಲು ಎತ್ತಿದೆ, ದಾಟಿಸಿದೆ. ಎಡಗಾಲು ಎತ್ತಿದೆ, ದಾಟಿಸಿದೆ. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಅವರ ಕಣ್ಣು ತುಂಬಿತ್ತು.

"ಸೋಮವಾರದಿಂದ ಬಂದುಬಿಡು," ಎಂದರು.

ನನಗೆ ಕುಣಿಯಬೇಕು ಅನಿಸಿತು. ನಾನು ಗೆದ್ದಿದ್ದೆ. ತಿರುಗಿ ಬರಲು ಮತ್ತೆ ಚೌಕಟ್ಟು ಹಿಡಿದಾಗ ನನ್ನ ಕೈಗಳ ಮೇಲೆ ಕಣ್ಣು ಬಿತ್ತು. ಎರಡೂ ಕೈಗಳು ಚೌಕಟ್ಟನ್ನೇ ಹಿಡಿದುಕೊಂಡಿದ್ದವು.

ಡ್ಯೂಟಿಯ ಮೇಲೆ ನನ್ನ ಕೈಗಳು ಯಾವಾಗ ಖಾಲಿ ಇದ್ದವು? ಆಪರೇಷನ್ ಆದ ಹೆಣ್ಣುಮಗಳನ್ನು ಮೊದಲ ಸಲ ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗುವಾಗ ಒಂದು ಕೈ ಅವಳ ಸೊಂಟಕ್ಕೆ, ಇನ್ನೊಂದು ಕೈಯಲ್ಲಿ ಸಲೈನ್ ಬಾಟಲಿ. ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್ ತೆಗೆದುಕೊಂಡವಳ ಕಾಲೂ ಸ್ವಲ್ಪ ಹೊತ್ತು ನನ್ನ ಕಾಲಿನ ಹಾಗೆಯೇ, ಅವಳದಲ್ಲ ಎನ್ನುವ ಹಾಗೆ ಇರುತ್ತದೆ. ಅವಳಿಗೂ ಎತ್ತಲು ಬರುವುದಿಲ್ಲ. ನಾವಿಬ್ಬರೂ ಈ ಕಲ್ಲಿನ ಮುಂದೆ ನಿಂತರೆ ಯಾರು ಯಾರನ್ನು ಹಿಡಿಯಬೇಕು? ಫರ್ಜಾನಾಳಿಗೆ ಎರಡೂ ಕಾಲು ಗಟ್ಟಿಯಾಗಿದ್ದವು. ಆದರೂ ಬಿದ್ದಳು. ಅಂದರೆ ನಾನು ದಾಟುವುದನ್ನು ಕಲಿತರೆ ಆಗುವುದೇನು, ನಾನೊಬ್ಬಳು ದಾಟುತ್ತೇನೆ, ಅಷ್ಟೇ.

ಯಾರ ಹತ್ತಿರವೂ ಏನೂ ಕೇಳದ ಬಾಯಿ ನನ್ನದು. ಅವತ್ತು ಕೇಳಿದೆ.

"ಮೇಡಂ, ಈ ಹೊಸ್ತಿಲ ತೆಗಸ್ರಿ. ಎಲ್ಲಾ ಬಾಗಿಲಿಂದು."

"ಈಗರೆ ದಾಟಿದಿ ಅಲ್ಲ?"

"ದಾಟೀನ್ರಿ. ಅದಕ್ಕೇ ಹೇಳ್ಲಾಕತ್ತೀನಿ." ಫರ್ಜಾನಾಳ ಕಥೆಯನ್ನು ಮೊದಲಿನಿಂದ ಹೇಳಿದೆ. ಡಾಕ್ಟರಮ್ಮ ಬಗ್ಗಿ ಹೊಸ್ತಿಲಿನ ಮೇಲೆ ತಮ್ಮ ಎರಡು ಬೆರಳು ಇಟ್ಟು ಎತ್ತರ ನೋಡಿದರು. ನಿಂತು, "ತೆಗಿ ಕಾಶೀನಾಥ," ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗೌಂಡಿ ಕರಣಿ ಕೆಳಗಿಟ್ಟು ಎದ್ದು ನಿಂತ.

"ಏನ್ ಮಾತ್ರೀ ಇದು? ಪೂಜಿ ಮಾಡಿ ಕೂಡ್ಸೀನ್ರಿ. ತೆಳಗ ನವಧಾನ್ಯ ಹಾಕೀನಿ, ಬೆಳ್ಳಿ ಚೂರ ಹಾಕೀನಿ. ಹುಟ್ಟಿದ ಕೂಸ ಹೊಸ್ತಿಲ ದಾಟಿ ಮನಿಗಿ ಹೋಗ್ಬೇಕ್ರಿ. ಹೊಸ್ತಿಲಿಲ್ಲದ ಬಾಗಿಲ ಅಂದ್ರ ಹಾಳ ಮನಿ. ನನ್ನ ಕೈಲಿಂದ ಆ ಪಾಪ ಮಾಡಸಬ್ಯಾಡ್ರಿ. ಬಚ್ಚಲ ನೀರೆಲ್ಲಾ ವಾರ್ಡಿನಾಗ ಬಂದ್ರ ಆಗ ನನಗೇ ಬೈತೀರಿ."

ಅವನ ಮಾತು ತೆಗೆದುಹಾಕುವಂಥದ್ದಾಗಿರಲಿಲ್ಲ. ಕೂಸು ಎತ್ತಿಕೊಂಡು ಮನೆಗೆ ಹೊರಟವರು ವಾರ್ಡಿನ ಬಾಗಿಲಲ್ಲಿ ಕಾಯಿ ಒಡೆದು, ಹೊಸ್ತಿಲಿಗೆ ಕುಂಕುಮ ಹಚ್ಚಿ, ಬಲಗಾಲು ಮುಂದಿಟ್ಟು ದಾಟುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಎಷ್ಟೋ ಸಲ ಆ ಕಾಯಿನೀರನ್ನು ನಾನೇ ಒರೆಸಿದ್ದೇನೆ. ಡಾಕ್ಟರಮ್ಮ ನನ್ನ ಮುಖ ನೋಡಿದರು.

ಇಟ್ಟಿಗೆಯ ಮೇಲೆ ಕುಂತಿದ್ದ ಅತ್ತೆ ಅಲ್ಲಿಂದಲೇ ಬಾಯಿ ಹಾಕಿದಳು.

"ತಮ್ಮಾ, ಹೊಸ್ತಿಲ ತೆಗೀಬ್ಯಾಡ."

ಮನೆಯವರೇ ಎದುರು ಪಕ್ಷವಾದರೆ ಏನು ಮಾಡುವುದು?

"ತೆಗೀಬ್ಯಾಡ, ತೆಳಗ ಇಳಸು," ಎಂದಳು ಅತ್ತೆ. "ಅದೇ ಕಲ್ಲ, ಅದೇ ನವಧಾನ್ಯ, ಅದೇ ಜಾಗಾ. ಇನ್ನೊಂದೀಟ ಆಳ ತೋಡಿ ನೆಲದ ಸಮ ಕೂಡ್ಸು. ದೇವರು ಕಲ್ಲಿನಾಗ ಇರ್ತಾನೋ, ಕಲ್ಲಿನ ಎತ್ತರದಾಗ ಇರ್ತಾನೋ?"

"ಸಮ ಕೂಡ್ಸಿದ್ರ ಎಲ್ಲಾರೂ ತುಳೀತಾರಲ್ಲ ಯಮ್ಮಾ," ಎಂದ ಕಾಶೀನಾಥ. "ಹೊಸ್ತಿಲ ತುಳೀಬಾರ್ದು ಅಂತ ನೀವೇ ಹೇಳೋರು."

ನನ್ನ ರೋಗಕ್ಕೆ ಕಾರಣ ಹೊಸ್ತಿಲು ತುಳಿದದ್ದೇ ಎಂದು ಅರ್ಧ ಜಿಲ್ಲೆಗೆ ಸಾರಿದ ಮುದುಕಿ ಇವಳು. ನನ್ನ ಕಾಲಿನ ಪಟ್ಟಿಗಳನ್ನು ನೋಡಿದಳು.

"ನೆಲದ ಸಮ ಆದ ಮ್ಯಾಗ ಅದು ಭೂಮ್ತಾಯಿ ಆಯ್ತಲ್ಲೋ. ಭೂಮ್ತಾಯಿನ್ನ ತುಳೀಲಾರ್ದ ಯಾರು ನಡೀತಾರ? ಮುಂಜಾನಿ ಎದ್ದು ಕೈ ಮುಗದು ಕಾಲ ಇಡ್ತೀವಿಲ್ಲೊ, ಹಂಗ. ಪಾಪ ಬಂದ್ರ ನನಗ ಬರ್ಲಿ. ಪೂಜಿ ನಾನೇ ಮಾಡ್ತೀನಿ. ನೀ ತೋಡು."

ನನ್ನ ಅತ್ತೆ ಸಾಲೆಯ ಮೆಟ್ಟಿಲು ಹತ್ತಿದವಳಲ್ಲ, ಹಟದಲ್ಲಿ ಮಾತ್ರ ಅವಳನ್ನು ಮೀರಿಸುವವರಿಲ್ಲ. ಆ ಹಟ ಅವತ್ತು ನನ್ನ ಪಕ್ಷಕ್ಕೆ ಬಂದು ಕುಂತಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಡಾಕ್ಟರಮ್ಮ ಎದುರಿಗೆ ಇದ್ದಾರೆ ಎನ್ನುವುದನ್ನೂ ಮರೆತು ಹೋಗಿ ಅವಳ ಗಲ್ಲ ಹಿಡಿದೆ. "ಬಿಡ, ಬಿಡ," ಎಂದು ಕೈ ಕೊಡವಿದಳು.

ಒಮ್ಮೆ ಒಪ್ಪಿದ ಮೇಲೆ ಕಾಶೀನಾಥ ಹಿಂದೆ ಸರಿಯಲಿಲ್ಲ. ಬಚ್ಚಲುಮನೆಯ ನೆಲವನ್ನು ಒಳಗೋಡೆಯ ಕಡೆಗೆ ಇಳಿಜಾರು ಮಾಡಿದ, ಬಾಗಿಲ ಒಳಬದಿಗೆ ಸಣ್ಣ ನಾಲೆ ತೋಡಿ ಮೇಲೆ ಕಬ್ಬಿಣದ ಜಾಲರಿ ಕೂಡಿಸಿದ. ಬಕೆಟ್ಟುಗಟ್ಟಲೆ ನೀರು ಸುರಿದು ನೋಡಿದೆವು, ಒಂದು ಹನಿಯೂ ವಾರ್ಡಿಗೆ ಬರಲಿಲ್ಲ. ಅಲ್ಲಿಗೂ ತರಿಸಿದ್ದ ಪಾಲಿಶ್ ಮಾಡಿದ ಫರಸಿ ವಾಪಸ್ಸು ಹೋಗಿ ಕೈಗೆ ಒರಟಾಗಿ ತಾಗುವ ಕಲ್ಲು ಬಂದಿತು. ಹಾಸಿಗೆಯಿಂದ ಬಚ್ಚಲ ತನಕ ಗೋಡೆಗೆ ಹಿಡಿಕೆ ಬಂದಿತು. ಕರೆಗಂಟೆಗೆ ದಾರ ಕಟ್ಟಿ ದಿಂಬಿನ ಪಕ್ಕಕ್ಕೆ ತಂದೆವು. ಎಲ್ಲಿ ಏನು ಬೇಕು ಎಂದು ನಾನು ಮಂಚದ ಮೇಲೆ ಮಲಗಿ, ಬಾಣಂತಿಯ ಹಾಗೆ ಎದ್ದು, ಬಿದ್ದಂತೆ ಮಾಡಿ ತೋರಿಸುತ್ತಿದ್ದೆ. ರೋಗ ನನಗೆ ಕಲಿಸಿದ ವಿದ್ಯೆ ಅದು, ಪುಕ್ಕಟೆ ಬಂದದ್ದಲ್ಲ. ಕಾಯಿ ಒಡೆಯಲು ಅಂಗಳದಲ್ಲಿ ಬೇರೆ ಕಲ್ಲು ಹಾಕಿದೆವು. ಕೂಸಿನ ಅಜ್ಜಿಯರು ಮೊದಲು ಗೊಣಗಿದರು, ಆಮೇಲೆ ಅಲ್ಲಿಯೇ ಒಡೆಯತೊಡಗಿದರು.

ವಾರ್ಡು ತೆರೆದ ದಿನ ಅತ್ತೆ ನೆಲದ ಸಮಕ್ಕೆ ಕುಂತ ಎಲ್ಲ ಹೊಸ್ತಿಲಿಗೂ ಅರಿಷಿಣದ ಪಟ್ಟೆ ಎಳೆದಳು. ಕೈ ಮುಗಿದು, ಎಲ್ಲರ ಎದುರಿಗೆ, ಬೇಕೆಂದೇ ಅದರ ಮೇಲೆ ಕಾಲಿಟ್ಟು ಒಳಗೆ ನಡೆದಳು. ಅವಳ ಹಿಂದೆ ನಾನು ಪಟ್ಟಿ ಕಟ್ಟಿದ ಕಾಲು ಎಳೆಯುತ್ತಾ, ಸಮವಸ್ತ್ರ ಹಾಕಿಕೊಂಡು, ಕೈ ಬೀಸುತ್ತಾ ಹೋದೆ. ಕೌಂಟರಿನಲ್ಲಿ ಬೇರೆ ಯಾರೋ ಕುಂತಿದ್ದರು.

ಫರ್ಜಾನಾಳನ್ನು ಕರೆದಿದ್ದೆ. ರೋಜಾದಿಂದ ಮಿಠಾಯಿ ಪೆಟ್ಟಿಗೆ ಹಿಡಿದು, ನಮ್ಮವರ ಬಸ್ಸಿನಲ್ಲಿಯೇ ಬಂದಳು. ಮಣಿಕಟ್ಟು ಕೂಡಿತ್ತು, ಸ್ವಲ್ಪ ಸೊಟ್ಟಗೆ.

"ಇನ್ನಾ ನೋಯ್ತದೇನ್ರೀ?" ಎಂದು ಕೇಳಿದೆ.

"ಥಂಡಿ ದಿನಾ ಬಂದ್ರ ಸ್ವಲ್ಪ್ ದರ್ದ್ ಆಗ್ತದ. ಅದು ಬಿಡ್ರಿ ಸಿಸ್ಟರ್, ನಿಮ್ಮ ವಾರ್ಡ್ ತೋರಸ್ರಿ."

ಗೋಡೆಯ ಪಕ್ಕದಲ್ಲಿ ಹೊಸ ವ್ಹೀಲ್‌ಚೇರು ನಿಂತಿತ್ತು. ಅದನ್ನು ತೋರಿಸಿ "ಕೂಡ್ರಿ" ಎಂದೆ.

"ಅರೇ! ನಾ ಯಾಕ?"

"ಕೂಡ್ರಿ ಅಂದ್ರ ಕೂಡ್ರಿ. ಇಲ್ಲಿ ನಾನೇ ಸಿಸ್ಟರು."

ನಗುತ್ತಾ ಕುಂತಳು. ನಾನು ಹಿಂದೆ ನಿಂತು ತಳ್ಳಿದೆ. ನನ್ನ ಪಾದ ನೆಲಕ್ಕೆ ತಾಗಿ ಸರಸರ ಎನ್ನುತ್ತಿತ್ತು, ಎನ್ನಲಿ. ಬಚ್ಚಲುಮನೆಯ ಕಡೆ ತಿರುಗಿದ ಕೂಡಲೇ ಅವಳ ನಗು ನಿಂತಿತು. ಎರಡೂ ಕೈಯಿಂದ ಕುರ್ಚಿಯ ಹಿಡಿಕೆಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಹೆಗಲು ಬಿಗಿಮಾಡಿ, ಆ ಪೆಟ್ಟಿಗೆ ಕಾಯುತ್ತಾ ಕುಂತಳು. ನಾನು ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಒಳಗೆ ಹೋಗಿ ಕುರ್ಚಿಯ ಬ್ರೇಕು ಹಾಕಿದೆ.

"ಸಿಸ್ಟರ್," ಎಂದಳು, ಕಣ್ಣು ಮುಚ್ಚಿಕೊಂಡೇ, "ಬಾಗಿಲಾ ಯಾವಾಗ ಬರ್ತದ್ರೀ?"

"ಕಣ್ಣ ತೆಗೀರಿ," ಎಂದೆ. "ದಾಟಿ ಬಂದೀವಿ."